ಪಾಠಟಿಪ್ಪಣಿಗೆ ಬೆಲೆ ಕಟ್ಟಬಹುದೇ?

ವಿದ್ಯೆಯನ್ನು ಮಾರಬಾರದೆಂಬ ಮಾತು ಈ ನಾಡಿನಲ್ಲಿ ಬಹುಕಾಲದಿಂದಲೂ ಕೇಳಿಬರುತ್ತಿದೆ. ಮಾತು ದೊಡ್ಡದೇ ಸರಿ. ಆದರೆ ಅದನ್ನು ಹೆಚ್ಚಾಗಿ ಆಡುವವರು ವಿದ್ಯೆಯನ್ನು ಪಡೆಯುವವರೇ ಹೊರತು ಅದನ್ನು ಸಿದ್ಧಪಡಿಸಿ ಬಡಿಸುವವರಲ್ಲವೆಂಬುದನ್ನೂ ಗಮನಿಸಬೇಕು. ಅಡಿಗೆಯವನ ಕೂಲಿಯ ವಿಷಯದಲ್ಲಿ ಉಂಡವರೇ ತೀರ್ಪು ಕೊಟ್ಟಂತಾಗುತ್ತದೆ ಅದು. ಇತ್ತೀಚಿನ ವರ್ಷಗಳಲ್ಲಿ ಅಧ್ಯಾಪಕ ವರ್ಗದಲ್ಲಿ ಹೊಸದೊಂದು ಯೋಚನೆ ತಲೆಯೆತ್ತಿರುವುದರಿಂದ ಈ ಹಳೆಯ ಮಾತನ್ನು ಮತ್ತೊಮ್ಮೆ ತೂಗಿನೋಡುವುದು ಅಗತ್ಯವಾಗಿದೆ.

ಸೋಮವಾರಪೇಟೆ ಸೀಮೆಯ ಯಾವುದಾದರೊಂದು ಪ್ರೌಢಶಾಲೆಯ ವಿಜ್ಞಾನದ ಅಧ್ಯಾಪಕರೊಬ್ಬರನ್ನು ವಾಚಕರು ಕಣ್ಣಮುಂದೆ ತಂದುಕೊಳ್ಳಲಿ. ಹತ್ತು ಹನ್ನೆರಡು ವರ್ಷಗಳ ಸೇವೆ, ಅನುದಾನವಿಲ್ಲದ ಶಾಲೆ, ಅದಕ್ಕೆ ತಕ್ಕ ಸಂಬಳ. ಪರಾಗಸ್ಪರ್ಶದ ಪಾಠವನ್ನು ಪುಸ್ತಕದಲ್ಲಿರುವ ಚಿತ್ರದಿಂದ ಹೇಳಿ ಮುಗಿಸಲು ಇವರಿಗೆ ಮನಸ್ಸಿಲ್ಲ. ಕಾಫಿಯ ಹೂಮಳೆ ಬೀಳುವ ದಿನಗಳಿಗೆ ಆ ಪಾಠವನ್ನು ಹೊಂದಿಸಿಕೊಂಡು, ಮಕ್ಕಳನ್ನು ತೋಟಕ್ಕೆ ಕರೆದೊಯ್ದು, ಅರೇಬಿಕ ತನ್ನ ಹೂವಿನ ಪರಾಗದಿಂದಲೇ ಕಾಯಿಕಟ್ಟಬಲ್ಲದೆಂದೂ ರೋಬಸ್ಟಕ್ಕೆ ಬೇರೊಂದು ಗಿಡದ ಪರಾಗವೇ ಬೇಕೆಂದೂ, ಆ ಪರಾಗವನ್ನು ಗಾಳಿಯೂ ಜೇನೂ ಹೊತ್ತು ತರಬೇಕೆಂದೂ ಗಿಡದ ಬುಡದಲ್ಲಿ ನಿಂತೇ ತಿಳಿಸುತ್ತಾರೆ. ಒಂದೇ ಜಿಲ್ಲೆಯ ಭಾಗಮಂಡಲದಲ್ಲಿ ಮಳೆ ಸುರಿಯುವುದಕ್ಕೂ ಕುಶಾಲನಗರದಲ್ಲಿ ಹನಿಯುವುದಕ್ಕೂ ಇರುವ ಅಂತರವನ್ನು ಮಕ್ಕಳಿಂದಲೇ ಲೆಕ್ಕವಿಡಿಸಿ, ಪಶ್ಚಿಮ ಘಟ್ಟದ ಮಳೆನೆರಳನ್ನು ಅರ್ಥಮಾಡಿಸುತ್ತಾರೆ. 50 ಕಿಲೋ ಕಾಫಿ ಚೀಲದ ಧಾರಣೆಯಿಂದ ಶೇಕಡಾವಾರು ಲೆಕ್ಕ ಕಲಿಸುವುದು ಹೇಗೆಂದು ಗಣಿತದ ಅಧ್ಯಾಪಕರಿಗೂ ತೋರಿಸಿಕೊಡುತ್ತಾರೆ. ಪ್ರತಿ ಪಾಠಕ್ಕೂ ಉದ್ದೇಶ, ಬೇಕಾಗುವ ಉಪಕರಣ, ಮಕ್ಕಳು ಮಾಡಬೇಕಾದ ಚಟುವಟಿಕೆ, ಕೇಳಬೇಕಾದ ಪ್ರಶ್ನೆ, ತಪ್ಪು ಉತ್ತರ ಬಂದಾಗ ಹಿಡಿಯಬೇಕಾದ ದಾರಿ ಇವೆಲ್ಲವನ್ನೂ ಬರೆದಿಟ್ಟಿದ್ದಾರೆ. ಮಳೆಗಾಲದ ರಾತ್ರಿಗಳಲ್ಲಿ ದೀಪದ ಮುಂದೆ ಕುಳಿತು ಬರೆದ ಇಂಥ ಟಿಪ್ಪಣಿಗಳು ನೂರನ್ನು ದಾಟಿವೆ. ಇವನ್ನು ಅಚ್ಚುಕಟ್ಟಾಗಿ ಜೋಡಿಸಿ ಇತರ ಶಾಲೆಗಳ ಅಧ್ಯಾಪಕರಿಗೆ ಒಂದು ಬೆಲೆಗೆ ಕೊಟ್ಟರೆ ಮನೆಯ ಖರ್ಚಿಗೆ ನೆರವಾದೀತೆಂಬ ಯೋಚನೆ ಅವರಿಗೆ ಬಂದರೆ, ಅದು ತಪ್ಪೇ?

ಥಟ್ಟನೆ ತಪ್ಪೆನ್ನುವವರು ಕನ್ನಡದ ಶಿಕ್ಷಕ ಪರಂಪರೆಯನ್ನೊಮ್ಮೆ ನೆನೆಯಬೇಕು. ಮಡಿಕೇರಿಯ ಪ್ರೌಢಶಾಲೆಯಲ್ಲಿ ಮುಖ್ಯೋಪಾಧ್ಯಾಯರಾಗಿದ್ದು, ಈ ನಾಡಿನ ಸುಗ್ಗಿಯ ಹಬ್ಬವನ್ನು ಕನ್ನಡ ಕಾವ್ಯಕ್ಕೆ ತಂದುಕೊಟ್ಟ ಪಂಜೆ ಮಂಗೇಶರಾಯರು (1874–1937) ಮಕ್ಕಳಿಗಾಗಿ ಬರೆದ ಕಥೆ, ಪದ್ಯ, ಪಾಠಗಳನ್ನು ತಮ್ಮ ತರಗತಿಯ ನಾಲ್ಕು ಗೋಡೆಗಳೊಳಗೇ ಇಟ್ಟುಕೊಂಡವರಲ್ಲ. 1921ರಲ್ಲಿ ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲವನ್ನು ಕಟ್ಟಿ ಮಕ್ಕಳ ಪುಸ್ತಕಗಳನ್ನು ಹೊರತಂದರು. ಶಾಲೆಗಳಿಗೆ ಪಠ್ಯಗಳನ್ನು ರಚಿಸಿದರು. ಆ ಪುಸ್ತಕಗಳಿಗೂ ಬೆಲೆಯಿತ್ತು. ಉತ್ತರದ ಕಡೆ, ಶಾಲಾ ಶಿಕ್ಷಕರಾಗಿದ್ದ ಗಳಗನಾಥರು (1869–1942) ತಮ್ಮ ಕಾದಂಬರಿಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಅದನ್ನು ಕಂಡು ಇವರು ಸರಸ್ವತಿಯನ್ನು ಮಾರಿದರೆಂದು ಯಾರೂ ಹೇಳಲಿಲ್ಲ. ಕನ್ನಡಿಗರಿಗೆ ಓದಲು ಕಲಿಸಿದರೆಂದೇ ನಾಡು ಕೃತಜ್ಞತೆಯಿಂದ ಸ್ಮರಿಸುತ್ತದೆ. ಶಿಕ್ಷಕನ ಬರಹಕ್ಕೆ ಬೆಲೆಯಿಡುವುದೇ ದೋಷವಾಗಿದ್ದರೆ ಕನ್ನಡದ ಪುಸ್ತಕ ಭಂಡಾರದ ಎಷ್ಟೋ ಕಪಾಟುಗಳು ಬರಿದಾಗಿರುತ್ತಿದ್ದವು.

ಕಾಯಕದ ತತ್ತ್ವವನ್ನು ನಂಬಿದವರಿಗೂ ಇದು ಒಪ್ಪತಕ್ಕ ಮಾತೇ. ದುಡಿಮೆಗೆ ಪ್ರತಿಫಲ ಪಡೆಯುವುದು ಕಾಯಕಕ್ಕೆ ಕುಂದಲ್ಲ. ಆದರೆ ಆಯ್ದಕ್ಕಿ ಮಾರಯ್ಯನ ಕಥೆಯ ಎಚ್ಚರಿಕೆ ಇಲ್ಲಿ ನೆನಪಾಗದೆ ಇರದು. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಅಗತ್ಯಕ್ಕಿಂತ ಹೆಚ್ಚು ತಂದಾಗ ಮಡದಿ ಲಕ್ಕಮ್ಮ ಅದನ್ನು ಹಿಂದಕ್ಕೆ ಕಳಿಸಿದಳು. ಅಕ್ಕಿ ಆಯುವುದನ್ನೇ ಬಿಡೆಂದು ಅವಳು ಹೇಳಲಿಲ್ಲ, ಮಿತಿಯನ್ನು ತೋರಿಸಿಕೊಟ್ಟಳು. ಪಾಠಟಿಪ್ಪಣಿಯ ಮಾರಾಟದಲ್ಲಿಯೂ ವಿಚಾರಿಸಬೇಕಾದದ್ದು ಆ ಮಿತಿ ಯಾವುದೆಂಬುದನ್ನೇ.

ಮೊದಲ ಮಿತಿ ಕಾನೂನಿನದು. 1957ರ ಹಕ್ಕುಸ್ವಾಮ್ಯ ಕಾಯಿದೆಯ 17ನೆಯ ವಿಧಿಯಂತೆ, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ಸೇವೆಯಲ್ಲಿರುವವನು ತನ್ನ ಉದ್ಯೋಗದ ಅಂಗವಾಗಿ ರಚಿಸಿದ ಕೃತಿಯ ಮೊದಲ ಒಡೆತನ ಉದ್ಯೋಗ ಕೊಟ್ಟವರದು. ಮನೆಯಲ್ಲಿ ರಾತ್ರಿ ಬರೆದ ಟಿಪ್ಪಣಿ ಉದ್ಯೋಗದ ಅಂಗವೋ ಅಲ್ಲವೋ ಎಂಬುದರಲ್ಲಿ ವಾದಕ್ಕೆ ಎಡೆಯುಂಟು. ಅಮೆರಿಕದಲ್ಲಿ ಇಂಥದೇ ವಿವಾದ ಎದ್ದು, ನ್ಯೂಯಾರ್ಕ್ ರಾಜ್ಯದ ಗಣಿತ ಶಿಕ್ಷಕರೊಬ್ಬರು ತರಗತಿಗಾಗಿ ತಯಾರಿಸಿದ ಪರೀಕ್ಷೆಗಳೂ ಮನೆಗೆಲಸದ ಲೆಕ್ಕಗಳೂ ಶಾಲೆಯ ಸ್ವತ್ತೆಂದು 2004ರಲ್ಲಿ ಮೇಲ್ಮನವಿ ನ್ಯಾಯಾಲಯ ತೀರ್ಮಾನಿಸಿತು. ಅದಾದ ಎರಡೇ ವರ್ಷಕ್ಕೆ, ಅಂದರೆ 2006ರಲ್ಲಿ, ಅದೇ ನ್ಯೂಯಾರ್ಕಿನ ಇನ್ನೊಬ್ಬ ಶಿಕ್ಷಕರು ಅಧ್ಯಾಪಕರು ಅಧ್ಯಾಪಕರಿಗೆ ಪಾಠಗಳನ್ನು ಮಾರುವ ಅಂತರಜಾಲದ ಸಂತೆಯೊಂದನ್ನೇ ತೆರೆದರು. ಅದು ಬಹುದೊಡ್ಡದಾಗಿ ಬೆಳೆಯಿತು. ಇನ್ನು ಕರ್ನಾಟಕದ ಸರ್ಕಾರಿ ಶಿಕ್ಷಕರಿಗಾದರೆ 2021ರ ರಾಜ್ಯ ನಾಗರಿಕ ಸೇವಾ ನಡತೆ ನಿಯಮಗಳುಂಟು. ಪೂರ್ವಾನುಮತಿಯಿಲ್ಲದೆ ಅವರು ವ್ಯಾಪಾರದಲ್ಲಿ ತೊಡಗುವಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆಯ 28ನೆಯ ವಿಧಿ ಶಿಕ್ಷಕರಿಗೆ ಖಾಸಗಿ ಮನೆಪಾಠವನ್ನು ನಿಷೇಧಿಸಿದೆ. ಆದ್ದರಿಂದ ಮುಚ್ಚುಮರೆಯಿಂದ ಮಾರುವ ದಾರಿ ಯಾರಿಗೂ ಕ್ಷೇಮವಲ್ಲ. ಆಡಳಿತ ಮಂಡಳಿಗೆ ಒಂದು ಅರ್ಜಿ ಕೊಟ್ಟು, ಬರಹದಲ್ಲಿ ಒಪ್ಪಿಗೆ ಪಡೆದು, ತನ್ನ ಹೆಸರಿನಲ್ಲಿ ಪ್ರಕಟಿಸುವುದೇ ಸರಿಯಾದ ಮಾರ್ಗ.

ಎರಡನೆಯ ಮಿತಿ ತನ್ನ ತರಗತಿಯ ಮಕ್ಕಳದು. ಮಾರುವುದಕ್ಕೆಂದು ಬರೆಯತೊಡಗಿದ ಶಿಕ್ಷಕರು ಕಲಿಸುವುದಕ್ಕೆಂದು ಬರೆಯುವುದನ್ನು ಮರೆತರೆ, ಗಿರಾಕಿಗಳು ಹೆಚ್ಚಿದಷ್ಟೂ ವಿದ್ಯಾರ್ಥಿಗಳಿಗೆ ನಷ್ಟ. ತರಗತಿಯಲ್ಲಿ ಒಮ್ಮೆಯಾದರೂ ನಡೆಸಿ ನೋಡದ ಪಾಠವನ್ನು ಬೆಲೆಗೆ ಕೊಡುವುದು, ಹಿಟ್ಟು ಬೇಯದೆ ರೊಟ್ಟಿ ಬಡಿಸಿದಂತೆ. ತನ್ನ ವಿದ್ಯಾರ್ಥಿಗಳಿಂದ ಅದಕ್ಕಾಗಿ ಒಂದು ಕಾಸನ್ನೂ ತೆಗೆದುಕೊಳ್ಳಬಾರದೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಅವರಿಗೆ ಸಲ್ಲಬೇಕಾದ ಪಾಠದ ಬೆಲೆಯನ್ನು ಸಂಬಳದ ರೂಪದಲ್ಲಿ ಆಗಲೇ ಪಡೆದಾಗಿದೆ.

ಆದರೆ ಈ ಎರಡಕ್ಕಿಂತಲೂ ದೊಡ್ಡದಾದ ಮೂರನೆಯ ಅಪಾಯವೊಂದಿದೆ. ಅದರ ಕಡೆಗೆ ಹೆಚ್ಚಿನವರ ಗಮನ ಹೋಗಿಲ್ಲ. ಅದು ಮಾರುವವರಲ್ಲಿಲ್ಲ, ಕೊಳ್ಳುವವರಲ್ಲಿದೆ. ಪಾಠಟಿಪ್ಪಣಿಯ ಪುಸ್ತಕವೆಂಬುದು ಅನೇಕ ಶಾಲೆಗಳಲ್ಲಿ ಮುಖ್ಯೋಪಾಧ್ಯಾಯರ ಸಹಿಗಾಗಿ, ವಿಷಯ ಪರಿವೀಕ್ಷಕರು ಬಂದಾಗ ತೋರಿಸುವುದಕ್ಕಾಗಿ ಬರೆಯುವ ದಾಖಲೆಯಾಗಿಬಿಟ್ಟಿದೆ. ಹಿಂದಿನ ವರ್ಷದ್ದನ್ನು ಈ ವರ್ಷಕ್ಕೆ ಇಳಿಸಿಕೊಳ್ಳುವುದು, ಗೆಳೆಯರದನ್ನು ನಕಲು ಮಾಡುವುದು, ವಾಟ್ಸಾಪ್ ಗುಂಪಿನಲ್ಲಿ ಬಂದ ಪಿ.ಡಿ.ಎಫ್. ಅನ್ನು ಅಚ್ಚೊತ್ತಿಸಿ ಹೆಸರು ಬದಲಿಸುವುದು ಗುಟ್ಟಿನ ಸಂಗತಿಗಳೇನಲ್ಲ. ಇಂಥ ಪರಿಸ್ಥಿತಿಯಲ್ಲಿ ಸ್ವಂತ ಪಾಠಟಿಪ್ಪಣಿ ಮಾರುಕಟ್ಟೆಗೆ ಬಂದರೆ ಅದನ್ನು ಕೊಳ್ಳುವವರಲ್ಲಿ ಕಲಿಯಬೇಕೆಂದು ಕೊಳ್ಳುವವರೆಷ್ಟು, ಬರೆಯುವ ಶ್ರಮ ತಪ್ಪಲೆಂದು ಕೊಳ್ಳುವವರೆಷ್ಟು? ಒಬ್ಬ ಶಿಕ್ಷಕರ ಯೋಚನೆಯ ಫಲ ಹತ್ತು ಶಿಕ್ಷಕರು ಯೋಚಿಸದಿರುವುದಕ್ಕೆ ಸಾಧನವಾದರೆ, ಆ ವ್ಯಾಪಾರದಲ್ಲಿ ಲಾಭವಾದದ್ದು ಯಾರಿಗೆ?

ಪಾಠಯೋಜನೆಯೆಂಬುದು ಊರನ್ನೂ ಮಕ್ಕಳನ್ನೂ ನೋಡಿ ಹುಟ್ಟುವಂಥದು. ಕೊಡಗಿನ ಒಂದೇ ತರಗತಿಯಲ್ಲಿ ಮನೆಯಲ್ಲಿ ಕೊಡವ ತಕ್ಕ್ ಆಡುವ, ಅರೆಭಾಷೆ ಆಡುವ, ತುಳು ಅಥವಾ ಮಲಯಾಳ ಆಡುವ ಮಕ್ಕಳು ಒಟ್ಟಿಗೆ ಕುಳಿತಿರುತ್ತಾರೆ. ಹಾಡಿಯಿಂದ ಬಂದ ಯರವರ ಮಗುವೂ, ತೋಟದ ಕೆಲಸಕ್ಕೆ ಅಸ್ಸಾಮಿನಿಂದ ಬಂದವರ ಮಗುವೂ ಅದೇ ಬೆಂಚಿನಲ್ಲಿರಬಹುದು. ಜುಲೈ ತಿಂಗಳ ಮಳೆಗೆ ಜಿಲ್ಲಾಧಿಕಾರಿಗಳು ರಜೆ ಸಾರಿದರೆ ವಾರದ ಯೋಜನೆಯೆಲ್ಲ ತಲೆಕೆಳಗು. 2018ರ ಆಗಸ್ಟ್ ತಿಂಗಳಲ್ಲಿ ಬೆಟ್ಟಗಳೇ ಜಾರಿ ಬಂದು ಮನೆಮಠ ಕಳೆದುಕೊಂಡ ಮಕ್ಕಳು ಪರಿಹಾರ ಕೇಂದ್ರಗಳಿಂದ ತರಗತಿಗೆ ಮರಳಿದಾಗ, ಯಾವ ಅಚ್ಚಾದ ಯೋಜನೆಯೂ ಶಿಕ್ಷಕರ ಕೈಹಿಡಿಯುವಂತಿರಲಿಲ್ಲ. ಎದುರಿಗೆ ಕುಳಿತ ಮುಖಗಳನ್ನು ನೋಡಿಯೇ ಪಾಠವನ್ನು ಕಟ್ಟಬೇಕಾಗಿತ್ತು. ಬೆಂಗಳೂರಿನಲ್ಲಿ ಬರೆದ ಟಿಪ್ಪಣಿ ಇಲ್ಲಿಗೆ ಹೊಂದದಂತೆಯೇ ಇಲ್ಲಿ ಬರೆದ ಕಾಫಿ ಹೂವಿನ ಪಾಠ ರಾಯಚೂರಿಗೆ ಹೊಂದದು. ಅಲ್ಲಿಯ ಶಿಕ್ಷಕರು ಅದನ್ನು ಓದಿ ತಮ್ಮೂರಿನ ಹತ್ತಿಯ ಹೂವನ್ನೋ ತೊಗರಿಯ ಹೂವನ್ನೋ ಹುಡುಕಿಕೊಂಡರೆ ಮಾತ್ರ ಕೊಟ್ಟ ಹಣ ಸಾರ್ಥಕ.

ಇದಕ್ಕೆ ಹತ್ತಿರದಲ್ಲಿಯೇ ಒಂದು ಉತ್ತಮ ನಿದರ್ಶನವಿದೆ. ನಾಗರಹೊಳೆಯ ಕಾಡಿನ ಆಚೆಗಿರುವ ಹೆಗ್ಗಡದೇವನಕೋಟೆಯ ಪ್ರಾಥಮಿಕ ಶಾಲಾ ಶಿಕ್ಷಕರು 1995ರಲ್ಲಿ ಆಂಧ್ರದ ಋಷಿವ್ಯಾಲಿಗೆ ಹೋಗಿ ಅಲ್ಲಿಯ ಬಹುವರ್ಗ ಬೋಧನೆಯ ಕ್ರಮವನ್ನು ಕಂಡುಬಂದರು. ಅಲ್ಲಿಯ ಕಾರ್ಡುಗಳನ್ನು ಹಾಗೆಯೇ ತಂದು ಬಳಸದೆ, ಕನ್ನಡದ ಅಕ್ಷರಕ್ರಮಕ್ಕೂ ತಮ್ಮ ಹಳ್ಳಿಯ ಮಕ್ಕಳಿಗೂ ಒಪ್ಪುವಂತೆ ಹೊಸ ಕಲಿಕಾ ಕಾರ್ಡುಗಳನ್ನು ತಾವೇ ಕುಳಿತು ರಚಿಸಿದರು. ಅದೇ ನಲಿ-ಕಲಿ. ಮುಂದೆ 2009–10ರ ಹೊತ್ತಿಗೆ ಅದು ರಾಜ್ಯದ ಸರ್ಕಾರಿ ಶಾಲೆಗಳ ಕೆಳತರಗತಿಗಳಿಗೆಲ್ಲ ವ್ಯಾಪಿಸಿತು. ಒಂದು ತಾಲೂಕಿನ ಶಿಕ್ಷಕರ ಸ್ವಂತ ಪಾಠರಚನೆ ಇಡೀ ನಾಡಿನ ಮಕ್ಕಳ ಸೊತ್ತಾಯಿತು. 2013ರಲ್ಲಿ ಆರಂಭವಾದ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲದ ಜಾಲತಾಣದಲ್ಲಿಯೂ, 2017ರಲ್ಲಿ ಕೇಂದ್ರ ಸರ್ಕಾರ ತೆರೆದ ದೀಕ್ಷಾ ವೇದಿಕೆಯಲ್ಲಿಯೂ ಶಿಕ್ಷಕರು ಬರೆದದ್ದು ಎಲ್ಲರಿಗೂ ಉಚಿತವಾಗಿ ದೊರೆಯುತ್ತದೆ. ಇದು ದಾಸೋಹದ ಮಾರ್ಗ, ಇದಕ್ಕಿಂತ ಹಿರಿದಾದುದಿಲ್ಲ.

ಆದರೆ ದಾಸೋಹವನ್ನು ಬಡವನ ಮೇಲೆ ಹೇರುವುದು ನ್ಯಾಯವಲ್ಲ. ನಲಿ-ಕಲಿಯನ್ನು ರಚಿಸಿದವರಿಗೆ ಸರ್ಕಾರದ ಸಂಬಳವಿತ್ತು. ಅನುದಾನವಿಲ್ಲದ ಶಾಲೆಯ ಶಿಕ್ಷಕರಿಗೆ ಆ ಆಧಾರವಿಲ್ಲ. ದೊಡ್ಡ ರಜೆಯ ತಿಂಗಳುಗಳಲ್ಲಿ ಪೂರ್ಣ ಸಂಬಳ ಕೊಡಲಾಗದ ಆಡಳಿತ ಮಂಡಳಿ, ‘ಗುರುವಿನ ಸ್ಥಾನ ಪವಿತ್ರ, ಪಾಠವನ್ನು ಮಾರಬೇಡಿ’ ಎಂದು ಉಪದೇಶಿಸಿದರೆ ಆ ಮಾತಿಗೆ ತೂಕವಿರುವುದಿಲ್ಲ. ಶಿಕ್ಷಕರ ದಿನಾಚರಣೆಯಂದು ಹೊದಿಸುವ ಶಾಲು ವರ್ಷದ ಉಳಿದ ದಿನಗಳ ಚಳಿಯನ್ನು ತಡೆಯದು. ಮಠಗಳು ನಡೆಸುವ ಶಾಲೆಗಳೂ ಈ ಪ್ರಶ್ನೆಯನ್ನು ತಮಗೆ ತಾವೇ ಕೇಳಿಕೊಳ್ಳತಕ್ಕದ್ದು. ಅನ್ನಕ್ಕೂ ಅಕ್ಷರಕ್ಕೂ ಹೆಸರಾದ ಸಂಸ್ಥೆಗಳಲ್ಲಿ ಅಕ್ಷರ ಬಡಿಸುವವರ ಮನೆಯ ಒಲೆಯ ಚಿಂತೆಯೂ ಸಂಸ್ಥೆಯದಾಗಿರಬೇಕು.

ಹಾಗಾದರೆ ಮಾಡಬೇಕಾದದ್ದೇನು? ಸಂಸ್ಥೆಯೇ ಮುಂದೆ ಬಂದು, ಶಿಕ್ಷಕರು ತರಗತಿಯಲ್ಲಿ ನಡೆಸಿ ಗೆದ್ದ ಪಾಠಗಳನ್ನು ಅವರ ಹೆಸರಿನಲ್ಲಿಯೇ ಪುಸ್ತಕವಾಗಿ ಅಚ್ಚುಮಾಡಿಸಬಹುದು. ಬರೆದವರಿಗೂ ಸಂಸ್ಥೆಗೂ ಪಾಲೆಷ್ಟೆಂಬುದನ್ನು ಮೊದಲೇ ಬರಹದಲ್ಲಿ ಗೊತ್ತುಮಾಡಿಕೊಂಡರೆ ಕಾನೂನಿನ ತೊಡಕೂ ಉಳಿಯುವುದಿಲ್ಲ. ನೆರೆಯ ಬಡ ಶಾಲೆಗಳಿಗೆ ಒಂದೊಂದು ಪ್ರತಿಯನ್ನು ಉಚಿತವಾಗಿ ಕಳುಹಿಸಬಹುದು. ಪುಸ್ತಕದಲ್ಲಿ ಪ್ರತಿ ಪಾಠದ ಕೊನೆಗೆ ಅರ್ಧ ಪುಟ ಖಾಲಿ ಬಿಟ್ಟು, ಕೊಂಡವರು ತಮ್ಮ ಊರಿನ ಉದಾಹರಣೆಯನ್ನೂ ತಮ್ಮ ಮಕ್ಕಳು ಎಡವಿದ ಜಾಗವನ್ನೂ ಅಲ್ಲಿ ಬರೆಯುವಂತೆ ಮಾಡಬಹುದು. ಪರಿವೀಕ್ಷಕರು ಬಂದಾಗ ಅಚ್ಚಾದ ಭಾಗವನ್ನು ಬಿಟ್ಟು ಆ ಅರ್ಧ ಪುಟವನ್ನು ಮಾತ್ರ ನೋಡಿ ಸಹಿ ಹಾಕುವ ಪದ್ಧತಿ ಬಂದರೆ, ನಕಲಿನ ರೋಗಕ್ಕೆ ಅರ್ಧ ಮದ್ದು ಸಿಕ್ಕಂತೆಯೇ.

ಆ ಸೋಮವಾರಪೇಟೆ ಸೀಮೆಯ ಅಧ್ಯಾಪಕರು ತಮ್ಮ ಟಿಪ್ಪಣಿಗಳಿಗೆ ಬೆಲೆಯಿಡಲಿ. ಅದರಲ್ಲಿ ನಾಚಿಕೆಪಡುವಂಥದು ಏನೂ ಇಲ್ಲ. ಒಪ್ಪಿಗೆ ಪಡೆದು, ಹೆಸರು ಹಾಕಿ, ಹಗಲಿನಲ್ಲಿ ಮಾರಲಿ. ಆದರೆ ಮುಂದಿನ ವರ್ಷ ಹೂಮಳೆ ಬಿದ್ದ ಮೇಲೆ, ಅಚ್ಚಾದ ತಮ್ಮದೇ ಪುಸ್ತಕವನ್ನು ಮೇಜಿನ ಮೇಲಿಟ್ಟು, ಹೊಸ ತರಗತಿಯ ಹೊಸ ಮಕ್ಕಳೊಂದಿಗೆ ಮತ್ತೊಮ್ಮೆ ತೋಟಕ್ಕೆ ನಡೆಯುವ ಉತ್ಸಾಹ ಅವರಲ್ಲಿ ಉಳಿದಿರಬೇಕು. ಅದು ಉಳಿದಿರುವವರೆಗೆ ಅವರು ಮಾರಿದ್ದು ಕಾಗದವನ್ನು ಮಾತ್ರ. ಪಾಠ ಅವರಲ್ಲಿಯೇ ಇದೆ.