ಹೂ ಕಟ್ಟುವ ಕುಣಿಕೆ, ಗಾಳದ ನೊಣ



ಈ ಸಲದ ಕೈಗೆಲಸದ ಹೆಸರು ಕೇಳಿದರೆ ನಿಮ್ಮಲ್ಲಿ ಕೆಲವರು ಮೂಗು ಮುರಿಯುತ್ತೀರಿ, ಗೊತ್ತು. ಮೀನು ಹಿಡಿಯುವ ಗಾಳಕ್ಕೆ ದಾರದ ನೊಣ ಕಟ್ಟುವುದು! ಸ್ವೆಟರು, ಕಸೂತಿ ಎಲ್ಲ ಮುಗಿದುಹೋಯಿತೇನ್ರೀ ಅನ್ನಬೇಡಿ. ಮಕ್ಕಳು ಅಮೆರಿಕದಲ್ಲಿರುವ ತಾಯಂದಿರು ನಿಮ್ಮಲ್ಲಿ ಎಷ್ಟೋ ಜನ ಇದ್ದೀರಿ. ಅವರಿಗೆಂದೇ ಬರೆಯುತ್ತಿದ್ದೇನೆ.

ಮಿಷಿಗನ್‌ನಲ್ಲಿರುವ ಮಗಳ ಮನೆಗೆ ಹೋದಾಗ, ಮೊದಲ ಮೂರು ವಾರ 11 ವರ್ಷದ ಮೊಮ್ಮಗನಿಗೂ ನನಗೂ ಮಾತೇ ಇಲ್ಲ. "ಊಟ ಆಯ್ತಾ ಅಜ್ಜಿ" ಎಂದರೆ ಅಲ್ಲಿಗೆ ಮುಗಿಯಿತು. ಒಂದು ಸಂಜೆ ನೋಡ್ತೀನಿ, ಊಟದ ಮೇಜಿನ ಅಂಚಿಗೆ ವೈಸ್ ಎಂಬ ಪುಟ್ಟ ಹಿಡಿಕೆ ಬಿಗಿದು, ಅದರ ಬಾಯಿಗೆ ಗಾಳ ಸಿಕ್ಕಿಸಿ, ದಾರ ಸುತ್ತುತ್ತಾ ಕೂತಿದ್ದಾನೆ. ಕೊನೆಯ ಗಂಟು ಹಾಕುವಷ್ಟರಲ್ಲಿ ಎಲ್ಲ ಬಿಚ್ಚಿಹೋಗುತ್ತದೆ. ಮೂರನೆಯ ಸಲ ಬಿಚ್ಚಿದಾಗ ಹುಡುಗನ ಕಣ್ಣಲ್ಲಿ ನೀರು. ನಾನೇ ದಾರ ತೆಗೆದುಕೊಂಡೆ. ಬೆರಳಿಗೆ ಒಂದು ಸುತ್ತು ಹಾಕಿ, ತಿರುವಿ, ಕುಣಿಕೆಯನ್ನು ಗಾಳದ ತಲೆಗೆ ತೊಡಿಸಿ ಎಳೆದೆ. ಮಲ್ಲಿಗೆ ಕಟ್ಟುವಾಗ ತೊಟ್ಟಿಗೆ ಹಾಕುತ್ತೇವಲ್ಲ, ಅದೇ ಕುಣಿಕೆ ಕಣ್ರೀ! "ಇದು ನಿಂಗೆ ಹೇಗೆ ಗೊತ್ತು ಅಜ್ಜಿ?" ಎಂದವನು, ಅರ್ಧ ಕನ್ನಡ ಅರ್ಧ ಇಂಗ್ಲಿಷಿನಲ್ಲಿ, ಮಲಗುವವರೆಗೂ ಮಾತು ನಿಲ್ಲಿಸಲಿಲ್ಲ.

ಅಲ್ಲಿನ ಕೆರೆಗಳಲ್ಲಿ ಬ್ಲೂಗಿಲ್ ಎಂಬ ಅಂಗೈಯಗಲದ ಮೀನು ಹೇರಳ. ಕಾವಲಿಯಲ್ಲಿ ಇಡಿಯಾಗಿ ಹಿಡಿಸುವುದರಿಂದ ಇಂಥವಕ್ಕೆ ಪ್ಯಾನ್‌ಫಿಷ್ ಎಂದು ಹೆಸರು. ಬಾಯಿ ಬಲು ಸಣ್ಣದು. ಆದ್ದರಿಂದ 10 ಅಥವಾ 12ನೇ ನಂಬರಿನ ಗಾಳ ಸಾಕು. ಕೈಹೊಲಿಗೆಯ ಸೂಜಿಯಂತೆ ಇಲ್ಲೂ ನಂಬರು ಏರಿದಷ್ಟು ಗಾಳ ಚಿಕ್ಕದು. ತುದಿಯ ಬಳಿ ಹಿಂದಕ್ಕೆ ಚಾಚಿದ ಪುಟ್ಟ ಮುಳ್ಳನ್ನು ಮೊದಲೇ ಇಕ್ಕಳದಿಂದ ಅದುಮಿಬಿಡಿ. ಯಾಕೆಂದು ಆಮೇಲೆ ಹೇಳುತ್ತೇನೆ.

ಗಾಳದ ಕಣ್ಣಿನ ಹಿಂದೆ ಸಾಸಿವೆ ಕಾಳಿನಷ್ಟು ಜಾಗ ಬಿಟ್ಟು, ಸಣ್ಣ ದಾರವನ್ನು ಬಿಗಿಯಾಗಿ ಸುತ್ತುತ್ತಾ ಬಾಗಿನವರೆಗೆ ಹೋಗಿ. ಅಲ್ಲಿ ಒಂದೆಳೆ ಜರಿ, ಎರಡೆಳೆ ಕಂದು ಕಸೂತಿ ದಾರ ಸೇರಿಸಿ ಕಟ್ಟಿ, ಸುತ್ತುದಾರವನ್ನು ಮತ್ತೆ ಮುಂದಕ್ಕೆ ತನ್ನಿ. ಕಸೂತಿ ದಾರವನ್ನು ಒತ್ತೊತ್ತಾಗಿ ಸುತ್ತಿದರೆ ನೊಣದ ಮೈ ಆಯಿತು. ಅದರ ಮೇಲೆ ಜರಿಯನ್ನು ಬಿಡಿಬಿಡಿಯಾಗಿ ನಾಲ್ಕೈದು ಸುತ್ತು ತನ್ನಿ. ಎರಡನ್ನೂ ಸುತ್ತುದಾರದಿಂದ ಬಿಗಿದು, ಮಿಕ್ಕ ತುದಿ ಕತ್ತರಿಸಿ. ಜರಿ ನನ್ನ ಹಳೆಯ ಸೀರೆಯ ಅಂಚಿನದು. ಅಂಗಡಿಯ ಎಳೆಗಿಂತ ಚೆನ್ನಾಗಿಯೇ ಕಂಡಿತು!

ಇನ್ನು ಗರಿ. ಹುಂಜದ್ದು ಬೇಡ. ಅದು ಬಿರುಸು, ನೀರಿನ ಮೇಲೆ ತೇಲುವ ನೊಣಕ್ಕೆ ಸರಿ. ನಮ್ಮದು ವೆಟ್ ಫ್ಲೈ, ಮುಳುಗುವಂಥದು. ಹೇಂಟೆಯ ಕತ್ತಿನ ಮೆತ್ತನೆಯ ಗರಿ ನೀರು ಹೀರಿ, ಹುಳದ ಕಾಲಿನಂತೆ ಅಲುಗುತ್ತದೆ. ತುದಿಯ ಕಡೆಯಿಂದ ಕಟ್ಟಿ, ಎರಡೇ ಸುತ್ತು. ನಾನು ಐದು ಸುತ್ತಿದೆ, ಒತ್ತಾಗಿ ಹೂ ಕಟ್ಟಿದ ಕೈ ನೋಡಿ! "ಇದು ನೊಣ ಅಲ್ಲ ಅಜ್ಜಿ, ಪೊರಕೆ" ಎಂದು ನಕ್ಕ. ಎಳೆಗಳನ್ನು ಹಿಂದಕ್ಕೆ ಸವರಿ, ಮುಂದೆ ನಾಲ್ಕು ಸುತ್ತು ದಾರ, ಮೂರು ಕುಣಿಕೆ. ಮೇಲೆ ಬಣ್ಣವಿಲ್ಲದ ನೇಲ್ ಪಾಲಿಷ್ ಒಂದು ಹನಿ. ಗಾಳದ ಕಣ್ಣು ಮುಚ್ಚಿಹೋಗದಿರಲಿ.

ಹೆಂಗಸರಿಗೇಕೆ ಇದು ಎನ್ನುವಿರಾ? ಮೇಯ್ನ್ ರಾಜ್ಯದ ಕ್ಯಾರಿ ಸ್ಟೀವನ್ಸ್ ಎಂಬಾಕೆ ಹೆಂಗಸರ ಟೋಪಿ ತಯಾರಿಸುತ್ತಿದ್ದವಳು. 1924ರಲ್ಲಿ, ತಾನೇ ಗರಿ ಕಟ್ಟಿದ ಗಾಳದಿಂದ 3 ಕಿಲೋ ಮೀರಿದ ಟ್ರೌಟ್ ಮೀನು ಹಿಡಿದು ಹೆಸರಾದಳು. ವೈಸೂ ಇಲ್ಲದೆ ಬರಿಗೈಯಲ್ಲೇ ಕಟ್ಟುತ್ತಿದ್ದಳಂತೆ!

ನಮ್ಮದು ಮೀನು ಮುಟ್ಟದ ಮನೆ. ಮನಸ್ಸಿಗೆ ಕಸಿವಿಸಿಯಾಯಿತು, ಮುಚ್ಚಿಡುವುದೇಕೆ? ಹುಡುಗನಿಗೇ ಹೇಳಿದೆ. ಮುಳ್ಳು ಅದುಮುವ ಉಪಾಯ ಅವನದು: ಮೀನಿನ ಬಾಯಿಂದ ಗಾಳ ಬೇಗ ಬಿಟ್ಟುಕೊಳ್ಳುತ್ತದೆ. ಜೂನ್ ತಿಂಗಳು, ಕೆರೆಯಂಚಿನ ಕಡಿಮೆ ನೀರು. ನೊಣ ಮೆಲ್ಲಗೆ ಮುಳುಗಿತು, ಅವನು ಗೇಣುಗೇಣಾಗಿ ದಾರ ಎಳೆದ. ಸಿಕ್ಕಿದ ಮೀನನ್ನು ಒದ್ದೆ ಕೈಯಲ್ಲಿ ಹಿಡಿದು, ನನಗೆ ತೋರಿಸಿ, ನೀರಿಗೆ ಬಿಟ್ಟ. ಕಸಿವಿಸಿ ಪೂರ್ತಿ ಹೋಯಿತು ಅನ್ನಲಾರೆ. ನಾನು ಅವನ ಮುಖವನ್ನೇ ನೋಡುತ್ತಿದ್ದೆ.

ಮೊನ್ನೆ ಫೋನಿನಲ್ಲಿ, "ಬರುವಾಗ ಸೀರೆ ಜರಿ ತಾ ಅಜ್ಜಿ" ಅಂದ. ಆ ಸೀರೆಯ ಅಂಚು ಇನ್ನೂ ಎರಡು ಗೇಣು ಉಳಿದಿದೆ.