ಹೊರೆ ಹೊತ್ತ ಮೋಟಾರು ಸೈಕಲ್ಲು

ನಮ್ಮ ಓದುಗರಲ್ಲೊಬ್ಬರಾದ ತಾಯಿಯವರು ಕಾಗದ ಬರೆದಿರುವರು. ಅವರ ಮಗನೂ ಸೊಸೆಯೂ ಬೆಂಗಳೂರಿನಿಂದ ಗೋಕರ್ಣಕ್ಕೆ ಮೋಟಾರು ಸೈಕಲ್ಲಿನ ಮೇಲೆ ಹೋಗಿಬರಲು ಸಿದ್ಧರಾಗಿರುವರಂತೆ. ಊರೊಳಗೆ ನೆಟ್ಟಗೆ ಓಡುವ ಆ ವಾಹನವು ಇಬ್ಬರು ಕುಳಿತು ಗಂಟುಮೂಟೆ ಕಟ್ಟಿದೊಡನೆ ಬಾಲವಾಡಿಸತೊಡಗುವುದೆಂದು ಮಗನೇ ನಗುನಗುತ್ತ ಹೇಳಿದನಂತೆ. ತಾಯಿಗೆ ನಗು ಬರಲಿಲ್ಲ. ಇದು ಯಂತ್ರದ ದೋಷವೋ, ನಡೆಸುವವನ ದೋಷವೋ ಎಂದು ಅವರು ಕೇಳಿರುವರು. ಪ್ರಶ್ನೆಯು ಅನೇಕ ಮನೆಗಳಿಗೆ ಸಂಬಂಧಪಟ್ಟುದಾದ ಕಾರಣ ಈ ತಿಂಗಳು ಅದನ್ನೇ ಎತ್ತಿಕೊಂಡಿದ್ದೇವೆ.

ಮೋಟಾರು ಸೈಕಲ್ಲನ್ನು ಕೊಳ್ಳುವವರು ಎಂಜಿನ್ನಿನ ಬಲವನ್ನು ವಿಚಾರಿಸುವರು, ಬಣ್ಣವನ್ನು ನೋಡುವರು. ಚೌಕಟ್ಟನ್ನು ಕೇಳುವವರು ವಿರಳ. ಆದರೆ ಎರಡು ಚಕ್ರಗಳನ್ನು ಒಂದೇ ಗೆರೆಯಲ್ಲಿ ಹಿಡಿದಿಡುವ ಕೆಲಸವೆಲ್ಲವೂ ಅದರದು. ಮುಂದೆ ಹ್ಯಾಂಡಲ್ಲು ತಿರುಗುವ ಕೊರಳು, ಹಿಂದೆ ಚಕ್ರವನ್ನು ಹೊತ್ತ ತೋಳು ಕೀಲಿಸಿರುವ ಸ್ಥಾನ, ಇವೆರಡರ ನಡುವೆ ಚೌಕಟ್ಟು ಹಿಂಡಿದ ಬಟ್ಟೆಯಂತೆ ತಿರುಚಿದರೆ, ಮುಂದಿನ ಚಕ್ರ ಒಂದು ದಾರಿ, ಹಿಂದಿನದು ಇನ್ನೊಂದು ದಾರಿ ಹಿಡಿಯುತ್ತವೆ. ತಿರುಚು ಕೂದಲೆಳೆಯಷ್ಟಿದ್ದರೂ ವೇಗ ಹೆಚ್ಚಿದಾಗ ಸವಾರನಿಗೆ ಅದು ತಿಳಿಯದೆ ಇರುವುದಿಲ್ಲ.

ಆ ಕೊರಳನ್ನು ಎಷ್ಟು ಒರಗಿಸಬೇಕೆಂಬುದೂ ದೊಡ್ಡ ವಿಷಯ. ಓದುಗರು ಮನೆಯ ಸಾಮಾನ್ಯ ಬೈಸಿಕಲ್ಲನ್ನು ಸೀಟಿನಲ್ಲಿ ಮಾತ್ರ ಹಿಡಿದು ಅಂಗಳದಲ್ಲಿ ತಳ್ಳಿ ನೋಡಬಹುದು. ಎಡಕ್ಕೆ ವಾಲಿಸಿದರೆ ಮುಂದಿನ ಚಕ್ರವು ತಾನಾಗಿಯೇ ಎಡಕ್ಕೆ ತಿರುಗುವುದು. ಹ್ಯಾಂಡಲ್ಲು ತಿರುಗುವ ಗೆರೆಯನ್ನು ನೆಲದವರೆಗೆ ಎಳೆದರೆ, ಅದು ಟೈರು ನೆಲವನ್ನು ಮುಟ್ಟುವ ಜಾಗಕ್ಕಿಂತ ಕೊಂಚ ಮುಂದೆ ಬಂದು ಸೇರುತ್ತದೆ. ಅಂದರೆ ಚಕ್ರವು ಆ ಗೆರೆಯನ್ನು ಹಿಂಬಾಲಿಸಿ ಓಡುತ್ತದೆ. ಈ ಅಂತರವನ್ನು ಟ್ರೇಲ್ ಎನ್ನುವರು. ಮೋಟಾರು ಸೈಕಲ್ಲುಗಳಲ್ಲಿ ಸಾಧಾರಣವಾಗಿ ಅದು 100 ಮಿಲಿಮೀಟರಿನ ಆಸುಪಾಸು ಇರುತ್ತದೆ. ಅಂತರ ಹೆಚ್ಚಾದರೆ ವಾಹನವು ನೇರವಾದ ಹಾದಿಯಲ್ಲಿ ಸ್ಥಿರವಾಗಿ ನಡೆಯುವುದು, ಆದರೆ ತಿರುವಿನಲ್ಲಿ ಹಟ ಮಾಡುವುದು. ತೀರ ಕಡಿಮೆಯಾದರೆ ಕೈಗೆ ಹಗುರ, ಮನಸ್ಸಿಗೆ ದಿಗಿಲು.

ಚೌಕಟ್ಟಿನ ಮಹಿಮೆಯನ್ನು ಲೋಕಕ್ಕೆ ತೋರಿಸಿಕೊಟ್ಟ ಕಥೆಯೊಂದು ಬೆಲ್‌ಫಾಸ್ಟ್ ಪಟ್ಟಣದ್ದು. ಇಂಗ್ಲೆಂಡಿನ ನಾರ್ಟನ್ ಕಂಪೆನಿಯವರ ಪಂದ್ಯದ ಯಂತ್ರಗಳಿಗೆ ಮೊದಲಿದ್ದ ಚೌಕಟ್ಟನ್ನು ಜನರು ತೋಟದ ಗೇಟು ಎಂದು ಹಾಸ್ಯ ಮಾಡುತ್ತಿದ್ದರು. ಅದು ಭಾರವಾಗಿದ್ದಿತು, ಆಗಾಗ ಮುರಿಯುತ್ತಲೂ ಇದ್ದಿತು. ರೆಕ್ಸ್ ಮೆಕ್‌ಕ್ಯಾಂಡ್‌ಲೆಸ್ ಎಂಬವರೂ ಅವರ ಸಹೋದರರೂ ಕೂಡಿ ಹೊಸದೊಂದನ್ನು ರಚಿಸಿದರು. ಎರಡು ಉಕ್ಕಿನ ಕೊಳವೆಗಳನ್ನು ಬಳೆಗಳಂತೆ ಬಾಗಿಸಿ, ಎಂಜಿನ್ನನ್ನು ತೊಟ್ಟಿಲಿನಲ್ಲಿಟ್ಟಂತೆ ಅವುಗಳ ನಡುವೆ ಕೂರಿಸಿ, ಕೊರಳಿನ ಬಳಿ ಕೊಳವೆಗಳು ಒಂದನ್ನೊಂದು ಹಾಯ್ದುಹೋಗುವಂತೆ ಬೆಸೆದರು. ತಿರುಚುವ ಬಲ ಹೆಚ್ಚಾಗಿ ಬೀಳುವ ಸ್ಥಳವೇ ಅದು. ಅಲ್ಲಿಯೇ ಗಂಟು ಬಿಗಿಯಾಯಿತು. ಇದರ ಮೇಲೆ ಸವಾರಿ ಮಾಡಿದ ಹೆರಾಲ್ಡ್ ಡ್ಯಾನಿಯಲ್ ಎಂಬ ಪಂದ್ಯಗಾರರು, ಗರಿ ತುಂಬಿದ ಹಾಸಿಗೆಯ ಮೇಲೆ ಕುಳಿತಂತಿದೆಯೆಂದರಂತೆ. ನಮ್ಮವರಾಗಿದ್ದರೆ ಬೂರುಗದ ಹತ್ತಿಯ ಹಾಸಿಗೆ ಎನ್ನುತ್ತಿದ್ದರು. ಫೆದರ್‌ಬೆಡ್ ಎಂಬ ಹೆಸರೇ ಅದಕ್ಕೆ ನಿಂತಿತು. 1950ರಲ್ಲಿ ಮ್ಯಾನ್ ದ್ವೀಪದ ಪಂದ್ಯದಲ್ಲಿ, ಒಂದು ಸುತ್ತೇ 60 ಕಿಲೋಮೀಟರನ್ನು ಮೀರುವ ಆ ಗುಡ್ಡಗಾಡಿನ ಹಾದಿಯಲ್ಲಿ, ಜೆಫ್ ಡ್ಯೂಕ್ ಅವರು ಹಿರಿಯ ದರ್ಜೆಯ ಪಂದ್ಯವನ್ನು ಗೆದ್ದರು. ಮರುವರ್ಷ ಅವರೇ ವಿಶ್ವವಿಜೇತರಾದರು. ಎದುರಿಗಿದ್ದ ಇಟಲಿಯ ಯಂತ್ರಗಳಿಗೆ ನಾಲ್ಕು ಸಿಲಿಂಡರುಗಳೂ ಹೆಚ್ಚಿನ ಬಲವೂ ಇದ್ದವು. ನಾರ್ಟನ್ನಿಗೆ ಇದ್ದುದು ಹಳೆಯ ಒಂಟಿ ಸಿಲಿಂಡರು. ಬಲದಲ್ಲಿ ಸೋತುದನ್ನು ತಿರುವುಗಳಲ್ಲಿ ಗಳಿಸಿಕೊಂಡರೆಂದರೆ ತಪ್ಪಾಗಲಾರದು.

ದೂರ ಪ್ರಯಾಣದ ವಾಹನದ ಪಾಡು ಪಂದ್ಯದ ವಾಹನದಂತಲ್ಲ. ಗಟ್ಟಿಯಾದ ಚೌಕಟ್ಟಿಗೆ ಎಂಜಿನ್ನನ್ನು ನೇರವಾಗಿ ಬಿಗಿದರೆ ಅದರ ನಡುಕವೆಲ್ಲವೂ ಸವಾರನ ಕೈಕಾಲಿಗೆ ಏರುತ್ತದೆ. ದಿನವಿಡೀ ಕುಳಿತವನ ಬೆರಳು ಮರಗಟ್ಟುತ್ತವೆ. 1967ರಲ್ಲಿ ಪ್ರದರ್ಶಿತವಾದ ನಾರ್ಟನ್ ಕಮಾಂಡೋದಲ್ಲಿ ಎಂಜಿನ್ನು, ಗೇರುಪೆಟ್ಟಿಗೆ, ಹಿಂದಿನ ತೋಳು ಮೂರನ್ನೂ ಒಂದಾಗಿ ಸೇರಿಸಿ ರಬ್ಬರಿನ ಮೂಲಕ ಚೌಕಟ್ಟಿಗೆ ತೂಗುಹಾಕಿದರು. ರಬ್ಬರು ಮೇಲೆ ಕೆಳಗೆ ಆಡಬಹುದು, ಅಡ್ಡಡ್ಡ ಆಡಕೂಡದು. ಆ ಅಡ್ಡದ ಸಡಿಲು ಸುಮಾರು ಕಾಲು ಮಿಲಿಮೀಟರಿಗೆ ಮೀರದಂತೆ ತೆಳುಬಿಲ್ಲೆಗಳನ್ನಿಟ್ಟು ಹೊಂದಿಸಬೇಕಾಗಿದ್ದಿತು. ಅಲಕ್ಷ್ಯ ಮಾಡಿದವರ ವಾಹನ ತಿರುವಿನಲ್ಲಿ ತೇಲಾಡಿತು. ಸುಖವೆಂಬುದು ಮೇಲ್ವಿಚಾರಣೆಯನ್ನು ಬೇಡುತ್ತದೆ. ಅಮೆರಿಕದ ಹಾರ್ಲೆ ಡೇವಿಡ್‌ಸನ್ನಿನವರು 1980ರ ಟೂರ್ ಗ್ಲೈಡಿನಲ್ಲಿ ಬೇರೊಂದು ಉಪಾಯ ಮಾಡಿದರು. ಮುಂದಿನ ಫೋರ್ಕಿನ ಕೊಳವೆಗಳನ್ನು ಕೊರಳಿನ ಹಿಂಬದಿಗೆ ಸರಿಸಿದರು. ಅಷ್ಟು ಭಾರದ ವಾಹನವೂ ಕೈಗೆ ಹಗುರಾಯಿತು, ಟ್ರೇಲೂ ಉಳಿಯಿತು. ಗಾಳಿ ತಡೆಯುವ ದೊಡ್ಡ ಮುಸುಕನ್ನು ಹ್ಯಾಂಡಲ್ಲಿಗೆ ಕಟ್ಟದೆ ಚೌಕಟ್ಟಿಗೆ ಕಟ್ಟಿದುದರಿಂದ ಬಿರುಗಾಳಿಯ ಹೊಡೆತ ಸವಾರನ ಕೈಗೆ ಬರಲಿಲ್ಲ.

ನಮ್ಮ ದೇಶದಲ್ಲಿ ಎಲ್ಲರೂ ಬಲ್ಲ ಹಳೆಯ ಬುಲೆಟ್ಟಿಗೆ ಮುಂದೆ ಒಂದೇ ಇಳಿಗೊಳವೆ. ಕೆಳಗೆ ಚೌಕಟ್ಟೇ ಇಲ್ಲ, ಎಂಜಿನ್ನೇ ಆ ಜಾಗವನ್ನು ತುಂಬುತ್ತದೆ. ಆದುದರಿಂದ ಎಂಜಿನ್ನಿನ ಬೋಲ್ಟು ಸಡಿಲವಾದರೆ ಚೌಕಟ್ಟೇ ಸಡಿಲವಾದಂತೆ. 2018ರಲ್ಲಿ ಬಂದ 650ರ ಇಂಟರ್‌ಸೆಪ್ಟರಿಗೆ ಜೋಡಿ ತೊಟ್ಟಿಲಿನ ಚೌಕಟ್ಟಿದೆ. ಅದು ಅದೇ ಕಂಪೆನಿಯವರು 2015ರಲ್ಲಿ ಕೊಂಡ ಇಂಗ್ಲೆಂಡಿನ ಹ್ಯಾರಿಸ್ ಕಾರ್ಖಾನೆಯ ಕೈಚಳಕ.

ಇನ್ನು ಹೊರೆಯ ಮಾತು. ಎತ್ತಿನ ಗಾಡಿ ಹೊಡೆದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ: ಹಿಂಭಾರವಾದರೆ ಮೂಕಿ ಮೇಲೆದ್ದು ಎತ್ತಿನ ಕೊರಳು ಬಿಗಿಯುತ್ತದೆ. ಮೋಟಾರು ಸೈಕಲ್ಲಿನಲ್ಲಿಯೂ ಹಿಂದಿನ ಚಕ್ರದ ಅಚ್ಚಿಗಿಂತ ಆಚೆಗೆ ತೂಕ ಹೇರಿದರೆ ಬಾಲ ಕುಸಿದು ತಲೆಯೇಳುವುದು, ಮುಂದಿನ ಚಕ್ರದ ಹಿಡಿತ ಹಗುರಾಗುವುದು. ರಚನೆಗಾರನು ಲೆಕ್ಕ ಹಾಕಿಟ್ಟ ಕೊರಳಿನ ಕೋನವನ್ನು ನಾವು ಹಗ್ಗದ ಒಂದು ಗಂಟಿನಿಂದ ಬದಲಾಯಿಸಿಬಿಡುತ್ತೇವೆ.

ಈ ಪಾಠವನ್ನು ನಾವು ಪುಸ್ತಕದಿಂದ ಕಲಿತದ್ದಲ್ಲ. 2004ರಲ್ಲಿ ನಾವೂ ನಮ್ಮ ತಮ್ಮನೂ ತಿಪಟೂರಿನಿಂದ ಬೆಂಗಳೂರಿಗೆ ಹಳೆಯ ಮೋಟಾರು ಸೈಕಲ್ಲಿನ ಮೇಲೆ ಹೊರಟಿದ್ದೆವು. ಅತ್ತೆಯವರು ಪ್ರೀತಿಯಿಂದ ಕೊಟ್ಟ ಮೂವತ್ತು ತೆಂಗಿನಕಾಯಿಗಳ ಮೂಟೆಯನ್ನು ಕ್ಯಾರಿಯರಿನ ತುದಿಗೆ ಬಿಗಿದಿದ್ದೆವು. ಕಿಬ್ಬನಹಳ್ಳಿ ಕ್ರಾಸು ದಾಟಿ ಹಾದಿ ನೆಟ್ಟಗಾದ ಮೇಲೆ ವೇಗ ಏರಿತು. ಏರಿದೊಡನೆ ವಾಹನವು ನೀರುಹಾವಿನಂತೆ ಎಡಬಲಕ್ಕೆ ಹೊರಳತೊಡಗಿತು. ತಮ್ಮನು ನಮ್ಮ ಸೊಂಟವನ್ನು ಭದ್ರವಾಗಿ ಹಿಡಿದು, "ಅಣ್ಣಾ, ಬ್ರೇಕು ಹಾಕು" ಎಂದು ಕೂಗಿದನು. ಹಾಕಿದ್ದರೆ ಇಂದು ಈ ಅಂಕಣ ಇರುತ್ತಿರಲಿಲ್ಲವೋ ಏನೋ! ಎದುರಿನಿಂದ ಲಾರಿ ಬರುತ್ತಲಿದ್ದಿತು. ದೇವರ ದಯೆಯಿಂದಲೋ ಭಯದಿಂದಲೋ ಕೈ ಸಡಿಲಿ ಆಕ್ಸಿಲರೇಟರು ತಾನಾಗಿ ಇಳಿಯಿತು, ವೇಗ ತಗ್ಗಿತು, ಹೊರಳಾಟವೂ ನಿಂತಿತು. ಗುಬ್ಬಿಯಲ್ಲಿ ಮೇಸ್ತ್ರಿಯೊಬ್ಬರು ಹಿಂದಿನ ಚಕ್ರವನ್ನು ಅಡ್ಡಡ್ಡ ಅಲುಗಿಸಿ, ತೋಳಿನ ಬುಷ್ ಸವೆದಿರುವುದನ್ನು ತೋರಿಸಿದರು. "ಏನು ಸ್ವಾಮಿ, ಇದನ್ನೂ ಗಾಡಿ ಅಂತ ತಿಳಿದಿರಾ?" ಎಂದು ಮೂಟೆಯ ಕಡೆ ನೋಡಿ ನಕ್ಕರು. ಅರ್ಧ ಕಾಯಿಗಳನ್ನು ಅವರ ಅಂಗಡಿಯಲ್ಲಿಯೇ ಬಿಟ್ಟುಬಂದೆವು.

ಆ ತಾಯಿಯವರ ಪ್ರಶ್ನೆಗೆ ನಮ್ಮ ಉತ್ತರವಿಷ್ಟು: ದೋಷವು ಬಹುಮಟ್ಟಿಗೆ ಹೊರೆಯದು, ಕೆಲಮಟ್ಟಿಗೆ ಸವೆತದ್ದು. ಹೊರಡುವ ಮುನ್ನ ವಾಹನವನ್ನು ನಡುಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಹಿಂದಿನ ಚಕ್ರವನ್ನು ಅಡ್ಡಡ್ಡ ಅಲುಗಿಸಿ ನೋಡಲಿ. ಮುಂದಿನ ಚಕ್ರವನ್ನು ನೆಲದಿಂದೆತ್ತಿ ಫೋರ್ಕನ್ನು ಹಿಂದೆಮುಂದೆ ಎಳೆದು ನೋಡಲಿ. ಕೈಗೆ ಸಡಿಲು ತಿಳಿದರೆ ಮೇಸ್ತ್ರಿಯಲ್ಲಿಗೆ ಹೋಗಬೇಕು. ಟೈರಿನ ಗಾಳಿಯೂ ಹಿಂದಿನ ಸ್ಪ್ರಿಂಗಿನ ಬಿಗಿಯೂ ಇಬ್ಬರ ಸವಾರಿಗೆ ವಾಹನದ ಕೈಪಿಡಿಯಲ್ಲಿ ಹೇಳಿದಷ್ಟಿರಲಿ. ಭಾರವಾದ ಸಾಮಾನು ಎರಡು ಪಕ್ಕದ ಚೀಲಗಳಲ್ಲಿ ಸಮವಾಗಿ, ಕೆಳಗೆ, ಅಚ್ಚಿಗಿಂತ ಮುಂದಾಗಿ ಇರಲಿ. ಬಾಲದ ಮೇಲೆ ಹೊದಿಕೆ, ಬಟ್ಟೆಗಳಂತಹ ಹಗುರವಾದವು ಮಾತ್ರ. ಹ್ಯಾಂಡಲ್ಲಿಗೆ ಏನನ್ನೂ ತೂಗುಹಾಕುವುದು ಬೇಡ. ಅಕಸ್ಮಾತ್ತಾಗಿ ಹೊರಳಾಟ ಮೊದಲಾದರೆ ತೋಳುಗಳನ್ನು ಬಿಗಿಯದೆ, ಥಟ್ಟನೆ ಬ್ರೇಕು ಹಾಕದೆ, ಮುಂದಕ್ಕೆ ಬಾಗಿ ಮೆಲ್ಲನೆ ವೇಗ ಇಳಿಸಬೇಕು. ಹಿಂದೆ ಕುಳಿತವರಿಗೂ ಇದನ್ನು ಮೊದಲೇ ತಿಳಿಸಿರಲಿ.

ಕಾಗದದ ಕೊನೆಗೆ ಅವರು ಸೊಸೆಯು ಮಾಡಿರುವ ಸಾಮಾನಿನ ಪಟ್ಟಿಯನ್ನೂ ಬರೆದಿರುವರು. ಅದರಲ್ಲಿರುವ ಹಿತ್ತಾಳೆಯ ಪಾತ್ರೆಯನ್ನೂ ಗೋಕರ್ಣದ ನೆಂಟರಿಗೆಂದು ಕಟ್ಟಿಟ್ಟ ಹತ್ತು ಸೇರು ಅಕ್ಕಿಯನ್ನೂ ಬಸ್ಸಿನಲ್ಲಿ ಕಳುಹಿಸುವುದು ಮೇಲು.