ತಾಳೆಯಾದರೆ ಸಾಲದು
ನೆರೆಮನೆಯ ಬಿ.ಕಾಂ. ವಿದ್ಯಾರ್ಥಿನಿಯ ಲೆಕ್ಕಶಾಸ್ತ್ರದ ಪುಸ್ತಕವನ್ನು ಮೊನ್ನೆ ತಿರುವಿಹಾಕಿದೆ. ಆಸ್ತಿ–ಜವಾಬ್ದಾರಿ ತಖ್ತೆಯ ಎರಡೂ ಬದಿ ತಾಳೆಯಾದರೆ ಪೂರ್ಣ ಅಂಕ. 2009ರ ಜನವರಿಯಲ್ಲಿ ಸತ್ಯಂ ಕಂಪ್ಯೂಟರ್ಸ್‌ನ ಅಧ್ಯಕ್ಷ ರಾಮಲಿಂಗ ರಾಜು ತಪ್ಪೊಪ್ಪಿಕೊಳ್ಳುವವರೆಗೆ ಆ ಸಂಸ್ಥೆಯ ತಖ್ತೆಯೂ ತಾಳೆಯಾಗಿತ್ತು; ಅದರಲ್ಲಿ ತೋರಿಸಿದ್ದ 5,040 ಕೋಟಿ ರೂಪಾಯಿ ನಗದು ಮಾತ್ರ ಇರಲಿಲ್ಲ. ಬ್ಯಾಂಕುಗಳಿಂದ ನೇರವಾಗಿ ಪಡೆಯಬೇಕಿದ್ದ ದೃಢೀಕರಣವನ್ನು ಲೆಕ್ಕಪರಿಶೋಧಕರು ಕಂಪನಿಯ ಕೈಯಿಂದಲೇ ಪಡೆದಿದ್ದರು.

ನಾನು ಸೇವೆಯಲ್ಲಿದ್ದಾಗ ಸಹಕಾರ ಸಂಘವೊಂದರ ದಾಸ್ತಾನು ವಹಿ ಬಲು ಚೊಕ್ಕವಾಗಿತ್ತು. ಗೋದಾಮಿನ ಬೀಗ ತೆಗೆಸಿದರೆ ಒಳಗೆ ಖಾಲಿ ಚೀಲಗಳು!

ಕರ್ನಾಟಕ 2024ರಲ್ಲಿ ನಾಲ್ಕು ವರ್ಷದ ಪದವಿಯನ್ನು ಕೈಬಿಟ್ಟು ಮೂರು ವರ್ಷಕ್ಕೆ ಮರಳಿತು. ಅವಧಿಯ ಕುರಿತು ಚರ್ಚಿಸಿದಷ್ಟು ನಾವು ಪಠ್ಯದ ಕುರಿತು ಚರ್ಚಿಸಲಿಲ್ಲ. ಒಂದು ಸೆಮಿಸ್ಟರಿನಲ್ಲಾದರೂ ವಿದ್ಯಾರ್ಥಿಗಳು ನೈಜ ವಹಿಗಳನ್ನು ಹಿಡಿದು ಗೋದಾಮಿಗೆ ಹೋಗಲಿ, ಅದಕ್ಕೂ ಅಂಕವಿರಲಿ.